ಮೀನಿಗೆ ನಾಲಿಗೆ ಉಂಟಾ? ಗಾಳದ ಸಿಗಡಿಯನ್ನು ಬಾಯಿಗೆ ಹಾಕಿ ಉಗುಳುವುದು ಯಾಕೆ?

ನಾಲಿಗೆ ಉಂಟು ಮಾರಾಯ್ರೇ, ಆದರೆ ನಮ್ಮದರ ಹಾಗೆ ಅಲ್ಲ. ಉದ್ಯಾವರ ಹೊಳೆಯಲ್ಲಿ ಗಾಳ ಹಾಕಿದಾಗ ಮೀನು ಸಿಗಡಿ ತುಂಡನ್ನು ಬಾಯಿಗೆ ಎಳೆದುಕೊಂಡು ತಕ್ಷಣ ಉಗುಳಿತು, ಅದಕ್ಕೆ ರುಚಿ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ಗೊತ್ತಾಗುತ್ತದೆ. ಕೆಲವು ಮೀನಿಗೆ ನಮಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ನಾನು ಮಲ್ಪೆ ಕಡೆಯವನು. ಓದಿದ್ದು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ. ಆದರೆ ಮೀನಿನ ಬಾಯೊಳಗೆ ಮೊದಲ ಸಲ ಸರಿಯಾಗಿ ನೋಡಿದ್ದು ನಮ್ಮ ಮನೆ ಹಿತ್ತಿಲಲ್ಲಿ, ಅಮ್ಮ ಮೀನು ಕೊಯ್ಯುವ ಕಲ್ಲಿನ ಹತ್ತಿರ.

ನಾಳೆ ಬಂಗುಡೆ ತಂದರೆ ಸುಮ್ನೆ ಒಂದರ ಬಾಯಿ ಅಗಲಿಸಿ ನೋಡಿ. ಕೆಳಗಡೆ ಬೆರಳಾಡಿಸಿದರೆ ಒಂದು ಗಟ್ಟಿ ಪಟ್ಟಿ ಸಿಗುತ್ತದೆ. ಅದೇ ನಾಲಿಗೆ. ಒಳಗೆ ಎಲುಬು, ಮೇಲೆ ತೆಳ್ಳಗಿನ ಚರ್ಮ. ನಮ್ಮ ನಾಲಿಗೆಯಂತೆ ಮೆತ್ತಗಿನ ಮಾಂಸ ಇಲ್ಲ, ಹಾಗಾಗಿ ಹೊರಗೆ ಚಾಚುವುದು, ಹೊರಳಿಸುವುದು ಯಾವುದೂ ಆಗುವುದಿಲ್ಲ. ಇನ್ನೂ ಸ್ವಲ್ಪ ಒಳಗೆ ನೋಡಿದರೆ ಎರಡೂ ಬದಿಯಲ್ಲಿ ಹಕ್ಕಿಗರಿಯ ಹಾಗೆ ಉದ್ದುದ್ದ ಎಳೆಗಳ ಸಾಲು ಕಾಣುತ್ತದೆ. ಕಿವಿರಿನ ಒಳಬದಿಗೆ ಅಂಟಿಕೊಂಡಿರುವ ಜರಡಿ ಅದು. ಬಂಗುಡೆ ಬಾಯಿ ತೆರೆದುಕೊಂಡು ಈಜುತ್ತದೆ, ನೀರು ಕಿವಿರಿನಿಂದ ಆಚೆ ಹೋಗುತ್ತದೆ, ಸಣ್ಣ ಸಣ್ಣ ಜೀವಿಗಳು ಜರಡಿಯಲ್ಲಿ ಉಳಿಯುತ್ತವೆ. ಬೂತಾಯಿ ಮೀನಿನ ಜರಡಿಯ ಕಣ್ಣು ಇನ್ನೂ ಸಣ್ಣದು. ಇವೆರಡನ್ನು ನಾವು ಗಸಿ ಮಾಡುವಾಗ ಪುಳಿ ಜಾಸ್ತಿಯಾಯ್ತಾ ಅಂತ ನಾಲಿಗೆಯ ತುದಿಯಲ್ಲಿ ನೋಡುತ್ತೇವಲ್ಲ, ಆ ಕೆಲಸ ಅವುಗಳಲ್ಲಿ ನಾಲಿಗೆ ಒಂದರದ್ದೇ ಅಲ್ಲ.

ಯಾಕೆಂದರೆ ಮೀನಿನ ರುಚಿಮೊಗ್ಗುಗಳು, ಅಂದರೆ ರುಚಿ ಹಿಡಿಯುವ ತೀರಾ ಸಣ್ಣ ಅಂಗಗಳು, ನಾಲಿಗೆಯಲ್ಲಷ್ಟೇ ಇರುವುದಿಲ್ಲ. ತುಟಿ, ಬಾಯಿಯ ಮೇಲ್ಭಾಗ, ಗಂಟಲು, ಕಿವಿರಿನ ಕಮಾನು, ಎಲ್ಲ ಕಡೆ ಹರಡಿರುತ್ತವೆ. ಕೆಲವಕ್ಕೆ ಮೈಮೇಲೂ ಉಂಟು. ಇದರಲ್ಲಿ ಗಟ್ಟಿಗ ಅಂದರೆ ಮೀಸೆ ಇರುವ ಮೀನುಗಳು, ನಮ್ಮ ಹೊಳೆ ಗದ್ದೆಯ ಮುಗುಡು, ಕಡಲಿನ ತೇಡೆ ಇವುಗಳ ಜಾತಿ. ಆ ಮೀಸೆಯ ತುಂಬಾ ರುಚಿಮೊಗ್ಗು. ಅಮೆರಿಕದ ಹೊಳೆಗಳಲ್ಲಿರುವ ಇವುಗಳ ನೆಂಟ ಮೀನೊಂದರ ಮೈಮೇಲೆ ಒಂದು ಲಕ್ಷಕ್ಕೂ ಜಾಸ್ತಿ ಮೊಗ್ಗುಗಳಿರುತ್ತವೆ, ಬಾಲದವರೆಗೂ. ನಮ್ಮ ಬಾಯಲ್ಲಿ ಹೆಚ್ಚೆಂದರೆ 10,000. ನೂರು ವರ್ಷಕ್ಕೂ ಹಿಂದೆ ಹೆರಿಕ್ ಎಂಬ ಅಮೆರಿಕದ ವಿಜ್ಞಾನಿ ಅಂಥ ಮೀನಿನ ಪಕ್ಕೆಗೆ ಮಾಂಸದ ಚೂರು ಮುಟ್ಟಿಸಿದ. ಮೀನು ಗಕ್ಕನೆ ತಿರುಗಿ ಅದನ್ನು ಕಚ್ಚಿತು. ಹತ್ತಿ ಮುಟ್ಟಿಸಿದಾಗ ಮೊದಮೊದಲು ತಿರುಗುತ್ತಿದ್ದದ್ದು, ಆಮೇಲೆ ಮೋಸ ಹೋಗುವುದನ್ನು ಬಿಟ್ಟಿತು. ಕೆಸರು ನೀರಿನಲ್ಲಿ ಕಣ್ಣು ಏನು ಮಾಡೀತು? ಮೈಯೇ ನಾಲಿಗೆ.

ಜಪಾನಿನ ಕಡಲಿನಲ್ಲಿರುವ ಒಂದು ಮೀಸೆ ಮೀನು ಇನ್ನೂ ಒಂದು ಹೆಜ್ಜೆ ಮುಂದೆ. ಮರಳಿನಲ್ಲಿ ಅಡಗಿದ ಹುಳ ಉಸಿರಾಡಿದಾಗ ಸುತ್ತಲಿನ ನೀರು ಒಂಚೂರು ಹುಳಿಯಾಗುತ್ತದೆ. ಆ ಹುಳಿಯನ್ನೇ ಹಿಡಿದು ಕತ್ತಲಲ್ಲಿ ಹುಳ ಹುಡುಕುತ್ತದೆ ಅಂತ 2014ರಲ್ಲಿ ತೋರಿಸಿದರು. ಓದಿದಾಗ ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು.

ಈಗ ನಿಮ್ಮ ಉಗುಳುವ ಮೀನಿಗೆ ಬರೋಣ. ಹೊರಗಿನ ಮೊಗ್ಗುಗಳು "ಇಲ್ಲಿ ಏನೋ ಉಂಟು" ಅಂತ ಹೇಳುತ್ತವೆ. ನುಂಗಬೇಕೋ ಬೇಡವೋ ಅನ್ನುವುದನ್ನು ಬಾಯಿ ಮತ್ತು ಗಂಟಲಿನ ಮೊಗ್ಗುಗಳು ನೋಡುತ್ತವೆ. ಇವೆರಡರ ನರಗಳೂ ಬೇರೆ ಬೇರೆ. ಕೈ ಇಲ್ಲದ ಪ್ರಾಣಿ ಅಲ್ವಾ, ಹಿಡಿದು ನೋಡಲು ಬಾಯೊಂದೇ ಗತಿ. ಕೆರೆಗಳಲ್ಲಿ ಸಾಕುವ ಗೆಂಡೆ ಮೀನಿನ ಬಾಯಿಯ ಮೇಲ್ಭಾಗದಲ್ಲಿ ಒಂದು ದಪ್ಪ ಮೆತ್ತೆ ಉಂಟು. ಕೆಸರಿನ ಜೊತೆ ಬಾಯಿಗೆ ಬಂದ ತಿನಿಸನ್ನು ಅದು ಒತ್ತಿ ಹಿಡಿಯುತ್ತದೆ, ಮಣ್ಣು ಮರಳು ಆಚೆ ಹೋಗುತ್ತದೆ. ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ.

ಅವುಗಳಿಗೆ ಬೇಕಾದ ರುಚಿ ಯಾವುದು ಅಂದರೆ ಮುಖ್ಯವಾಗಿ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಚೂರುಗಳು. ಸಿಗಡಿ, ಬೊಂಡಾಸ್ (ಸ್ಕ್ವಿಡ್), ಎರೆಹುಳದಿಂದ ನೀರಿಗೆ ಇಳಿಯುವುದು ಅದೇ. ಹಿಟ್ಟಿಗೆ ಸಕ್ಕರೆ ಕಲಸಿ ಗಾಳಕ್ಕೆ ಹಾಕುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಸಿಗಡಿ ಅರ್ಧ ಗಂಟೆ ನೀರಲ್ಲಿ ನೆನೆದು ಬೆಳ್ಳಗಾಗಿದ್ದರೆ ಬದಲಾಯಿಸಿ, ಅದರ ರಸ ಅಷ್ಟರಲ್ಲಿ ಹೊಳೆ ಪಾಲಾಗಿರುತ್ತದೆ. ಗಾಳದ ಕಬ್ಬಿಣದ ಕೊಕ್ಕೆ ಬಾಯಿಗೆ ತಾಗಿದರೂ ಉಗುಳುತ್ತದೆ, ಅದು ರುಚಿಯ ವಿಷಯ ಅಲ್ಲ. ಕಡಲಿನ ಅಂಜಲ್ ಮೀನಿಗೆ ಈ ರಗಳೆಯೇ ಇಲ್ಲ. ಮಿನುಗುವ ತಗಡು ಕಂಡರೂ ಹಾರಿ ಕಚ್ಚುತ್ತದೆ, ಅದರದ್ದು ಕಣ್ಣಿನ ಬೇಟೆ.

ಹೊಳೆ ಮೀನು ಬಾಯಲ್ಲಿ ಹಿಡಿದು ನೋಡುವುದು ಒಂದೆರಡು ಕ್ಷಣ ಮಾತ್ರ. ಕೋಲು ಎಳೆಯಬೇಕಾದದ್ದು ಅಷ್ಟರೊಳಗೆ. ನಾನು ಇಷ್ಟೆಲ್ಲ ಓದಿಯೂ ಹತ್ತರಲ್ಲಿ ಆರು ಸಲ ತಪ್ಪಿಸುತ್ತೇನೆ.