ಕೆರೆಯ ಹಾಲ್ಟೀರಿಯಾ ಸಮುದ್ರದ ಸಿಲಿಯೇಟ್‌ಗಳಿಗೆ ಎಷ್ಟು ಹತ್ತಿರ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಊರ ಕೆರೆಯ ನೀರನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸುವಾಗ, ನಿಂತಲ್ಲಿಂದ ತಟಕ್ಕನೆ ಜಿಗಿದು ಮರೆಯಾಗುವ ದುಂಡನೆಯ ಸಿಲಿಯೇಟ್ (ಸಿಲಿಯಾ ಎಂಬ ಸೂಕ್ಷ್ಮ ರೋಮಗಳಿಂದ ಚಲಿಸುವ ಏಕಕೋಶ ಜೀವಿ) ಒಂದು ಕಂಡಿತು. ಹಳೆಯ ಪುಸ್ತಕವೊಂದು ಅದನ್ನು ಹಾಲ್ಟೀರಿಯಾ ಎಂದು ಕರೆದು ಸಮುದ್ರದ ಪ್ಲವಕ (ನೀರಿನಲ್ಲಿ ತೇಲಾಡುವ) ಸಿಲಿಯೇಟ್‌ಗಳ ಬಳಗಕ್ಕೆ ಸೇರಿಸಿದೆ. ಈಚಿನ ಲೇಖನವೊಂದು ಜೀನ್‌ಗಳ ಆಧಾರದ ಮೇಲೆ ಅದನ್ನು ಅಲ್ಲಿಂದ ತೆಗೆದಿದೆ. ಮಕ್ಕಳಿಗೆ ಯಾವುದನ್ನು ಹೇಳಲಿ?

ಉತ್ತರ: ಎರಡನೆಯದನ್ನೇ ಹೇಳಿ. ಆದರೆ ಹಳೆಯ ಪುಸ್ತಕ ಬರೆದವರು ಹಾಗೇಕೆ ನಂಬಿದ್ದರು ಎಂಬುದನ್ನೂ ಜೊತೆಗೆ ಹೇಳಬೇಕೆಂದು ನನ್ನ ಕೋರಿಕೆ, ಏಕೆಂದರೆ ಅವರು ಕಣ್ಣಿಗೆ ಕಂಡದ್ದನ್ನು ಸರಿಯಾಗಿಯೇ ಬರೆದಿದ್ದರು.

ಹಳೆಯ ಪುಸ್ತಕ ಹೇಳುವ ಬಳಗಕ್ಕೆ ಆಲಿಗೋಟ್ರಿಕ್ ಎಂದು ಹೆಸರು. ಸ್ಟ್ರಾಂಬಿಡಿಯಂ ಮೊದಲಾದ ಸಮುದ್ರದ ಆಲಿಗೋಟ್ರಿಕ್‌ಗಳಲ್ಲಿ ಮೈಮೇಲಿನ ಸಿಲಿಯಾಗಳು ಬಹಳ ಕಡಿಮೆಯಾಗಿ, ಬಾಯಿಯ ಸುತ್ತಲಿನವು ಒತ್ತಾದ ಪಟ್ಟಿಗಳಾಗಿ ಕೂಡಿಕೊಂಡಿರುತ್ತವೆ. ಈಜುವುದಕ್ಕೂ ಆಹಾರವನ್ನು ಸೆಳೆದುಕೊಳ್ಳುವುದಕ್ಕೂ ಆ ಪಟ್ಟಿಗಳೇ ಸಾಧನ. ಹಾಲ್ಟೀರಿಯಾದ ದೇಹವೂ ದುಂಡಗಿದ್ದು, ಬಾಯಿಯ ಪಟ್ಟಿಗಳು ಮುಂತುದಿಯಲ್ಲಿಯೇ ಇವೆ. ಕೋಶ ವಿಭಜನೆಯ ಕ್ರಮದಲ್ಲಿಯೂ ಹೋಲಿಕೆಗಳಿವೆ. ಆದರೆ ಅದರ ಜೀನ್ ಸರಣಿಯನ್ನು ಓದಿದಾಗ ಅದು ಆಕ್ಸಿಟ್ರೈಕಾದ ಹತ್ತಿರದ ನೆಂಟನೆಂದು ಕಂಡುಬಂತು. ಆಕ್ಸಿಟ್ರೈಕಾ ಎಂದರೆ ಕೊಳೆತ ಎಲೆ ಮತ್ತು ಕೆಸರಿನ ಮೇಲೆ ಹೊಟ್ಟೆಯಡಿಯ ಗಟ್ಟಿ ಸಿಲಿಯಾಗುಚ್ಛಗಳಿಂದ ನಡೆದಾಡುವ, ಚಪ್ಪಟೆ ದೇಹದ ಸಿಲಿಯೇಟ್. ಆಲಿಗೋಟ್ರಿಕ್‌ಗಳು ಇವೆರಡಕ್ಕೂ ದೂರದ ದಾಯಾದಿಗಳಷ್ಟೆ. ತೇಲಾಡುವ ಬದುಕು ಎರಡು ಬೇರೆ ಮನೆತನಗಳಿಗೆ ಒಂದೇ ಬಗೆಯ ಆಕಾರವನ್ನು ಕೊಟ್ಟಿದೆ.

ಇದನ್ನು ತಿಳಿಸುವ ಮುಖ್ಯ ಸಾಕ್ಷಿ, ರೈಬೋಸೋಮಿನ ಒಂದು ಆರ್‌ಎನ್‌ಎಯ ಸರಣಿಯನ್ನು ಹೊತ್ತಿರುವ 18ಎಸ್ ಎಂಬ ಜೀನ್. ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಲ್ಲ ಜೀವಕೋಶಗಳಲ್ಲಿಯೂ ಇರುವುದರಿಂದ, ಅದರ ಆರ್‌ಎನ್‌ಎ ಸರಣಿಗಳನ್ನು ಹೋಲಿಸಿ ಜೀವಿಗಳ ಬಂಧುತ್ವವನ್ನು ಅಳೆಯಬಹುದೆಂದು ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ತೋರಿಸಿದರು. ಸಿಲಿಯೇಟ್‌ಗಳಲ್ಲಿ ಈ ಜೀನಿನ ಉದ್ದ ಸುಮಾರು 1,700ರಿಂದ 1,800 ಅಕ್ಷರ (ಡಿಎನ್‌ಎಯ ಘಟಕ). ಅದರ ಕೆಲವು ಭಾಗಗಳು ಕೋಟ್ಯಂತರ ವರ್ಷಗಳಲ್ಲಿಯೂ ಹೆಚ್ಚು ಬದಲಾಗದೆ ಉಳಿದಿದ್ದು, ಮತ್ತೆ ಕೆಲವು ಬೇಗ ಬದಲಾಗುತ್ತವೆ. ಹಲವು ಪ್ರಭೇದಗಳ ಸರಣಿಗಳನ್ನು ಒಂದರ ಕೆಳಗೊಂದು ಜೋಡಿಸಿ, ಯಾವ ಬದಲಾವಣೆಯನ್ನು ಯಾರು ಯಾರು ಹಂಚಿಕೊಂಡಿದ್ದಾರೆ ಎಂದು ಲೆಕ್ಕ ಹಾಕಿದರೆ ವಂಶವೃಕ್ಷದ ಕವಲುಗಳು ತೋರುತ್ತವೆ. ತೀರ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು 18ಎಸ್ ಸಾಲದು. ಅಲ್ಲಿ, ಡಿಎನ್‌ಎಯಲ್ಲಿ ಅದರ ಸಾಲಿನಲ್ಲಿಯೇ ಮುಂದೆ ಬರುವ ಐಟಿಎಸ್ ಮತ್ತು 28ಎಸ್ ಎಂಬ ಭಾಗಗಳನ್ನು ಓದುತ್ತಾರೆ.

ಸಮುದ್ರದ ಟಿಂಟಿನಿಡ್‌ಗಳ ಕಥೆ ಇದಕ್ಕಿಂತ ಸೋಜಿಗದ್ದು. ಹೂದಾನಿಯಂಥ, ಗಂಟೆಯಂಥ ಗೂಡನ್ನು ಕಟ್ಟಿಕೊಂಡು ಅದರೊಳಗೆ ಬದುಕುವ ಸಿಲಿಯೇಟ್‌ಗಳಿವು. ಗೂಡಿಗೆ ಲೋರಿಕಾ ಎಂದು ಹೆಸರು. ನೂರಾರು ಪ್ರಭೇದಗಳನ್ನು ವಿದ್ವಾಂಸರು ಹೆಸರಿಸಿದ್ದು ಬಹುಪಾಲು ಈ ಗೂಡನ್ನು ನೋಡಿಯೇ, ಒಳಗಿನ ಜೀವಿಯನ್ನು ನೋಡಿ ಅಲ್ಲ. ಜಡಿಮಳೆಯಲ್ಲಿ ಗದ್ದೆ ನೆಡುತ್ತಿರುವವರನ್ನು ದೂರದಿಂದ ನೋಡಿ, ಕಂಬಳಿಕೊಪ್ಪೆ ಹಾಕಿದವರೆಲ್ಲ ಒಂದು ಮನೆಯವರು, ಗೊರಬು ಸೂಡಿದವರೆಲ್ಲ ಇನ್ನೊಂದು ಮನೆಯವರು ಎಂದು ತೀರ್ಮಾನಿಸಿದಂತೆ ಇದು. ಫವೆಲ್ಲಾ ಎಂಬ ಕುಲದ ಜೀವಿಯನ್ನು ಪ್ರಯೋಗಾಲಯದಲ್ಲಿ ಸಾಕಿದಾಗ ಅದು ಕಾಕ್ಸ್ಲಿಯೆಲ್ಲಾ ಎಂಬ ಬೇರೆ ಕುಲದ ಹೆಸರಿದ್ದ ಗೂಡನ್ನೂ ಕಟ್ಟಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಫವೆಲ್ಲಾದಲ್ಲಿಯೇ ಇದೆ: ಮೇಲುನೋಟಕ್ಕೆ ಒಂದೇ ಕುಲವೆನಿಸಿದ್ದು ಜೀನ್ ವೃಕ್ಷದಲ್ಲಿ ಎರಡು ಕಡೆ ಕಾಣಿಸಿಕೊಂಡಿತು; ಗೂಡಿನ ಗೋಡೆಯ ಸೂಕ್ಷ್ಮ ರಚನೆಯಲ್ಲಿಯೂ ವ್ಯತ್ಯಾಸ ಸಿಕ್ಕಿದ್ದರಿಂದ 2012ರಲ್ಲಿ ಒಂದು ಗುಂಪನ್ನು ಷ್ಮಿಡಿಂಗರೆಲ್ಲಾ ಎಂಬ ಹೊಸ ಕುಲವಾಗಿ ಬೇರೆ ಮಾಡಿದರು. ಜೀನ್ ಸಂಶಯವನ್ನು ಹುಟ್ಟಿಸಿತು, ದೇಹರಚನೆ ಅದನ್ನು ದೃಢಪಡಿಸಿತು. ಈ ಕ್ರಮವೇ ನನಗೆ ಹೆಚ್ಚು ವಿಶ್ವಾಸಾರ್ಹವಾಗಿ ತೋರುತ್ತದೆ.

ಹಾಗೆಂದು ಜೀನ್ ಹೇಳಿದ್ದೆಲ್ಲವನ್ನೂ ಒಪ್ಪಿಬಿಡಲಾಗದು. ಒಂದು ಜೀನಿನ ವೃಕ್ಷ ಆ ಜೀನಿನ ಚರಿತ್ರೆಯೇ ಹೊರತು ಇಡೀ ಜೀವಿಯದಲ್ಲ. ಹಾಲ್ಟೀರಿಯಾದ ವಿಚಾರದಲ್ಲಿ ವಾದ ಬಹುಕಾಲ ನಡೆದದ್ದು ಇದೇ ಕಾರಣಕ್ಕೆ. ಹಲವಾರು ಜೀನ್‌ಗಳನ್ನು ಒಟ್ಟಿಗೆ ಹೋಲಿಸಿದ 2017ರ ಅಧ್ಯಯನ ಅದನ್ನು ಆಕ್ಸಿಟ್ರೈಕಾದ ಕಡೆಗೇ ನಿಲ್ಲಿಸಿದ ಮೇಲೆ ನನ್ನ ಮಟ್ಟಿಗೆ ಸಂಶಯ ಉಳಿದಿಲ್ಲ. ಇನ್ನೊಂದು ತೊಡಕೆಂದರೆ, ಈ ಸಿಲಿಯೇಟ್‌ಗಳ ಒಂದೇ ಕೋಶದಲ್ಲಿ 18ಎಸ್ ಜೀನಿನ ಸಾವಿರಾರು ಪ್ರತಿಗಳಿದ್ದು, ಅವುಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳೂ ಇರುತ್ತವೆ. ಒಂದೇ ಕೋಶದಿಂದ ಪಿಸಿಆರ್ ಮೂಲಕ ಜೀನನ್ನು ಹೆಚ್ಚಿಸಿ ಓದಲು ಇದು ಅನುಕೂಲವೇ. ಆದರೆ ಸಮುದ್ರದ ನೀರನ್ನು ಸೋಸಿ ಸಿಕ್ಕಿದ ಡಿಎನ್‌ಎಯನ್ನೆಲ್ಲ ಓದುವವರು ಸರಣಿಗಳ ಸಂಖ್ಯೆಯನ್ನೇ ಜೀವಿಗಳ ಸಂಖ್ಯೆಯೆಂದು ಎಣಿಸಿದರೆ, ಪ್ರತಿಯೊಂದು ಸಣ್ಣ ವ್ಯತ್ಯಾಸವನ್ನೂ ಹೊಸ ಪ್ರಭೇದವೆಂದು ಭಾವಿಸಿದರೆ ಲೆಕ್ಕ ಹಳಿ ತಪ್ಪುತ್ತದೆ.

ನಿಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಮುಂದೆ ಈ ಕೆಲಸಕ್ಕೆ ಕೈಹಾಕುವುದಾದರೆ ಒಂದು ರೂಢಿಯನ್ನು ಈಗಲೇ ಕಲಿಸಿ. ಜೀವಂತ ಕೋಶದ ಚಿತ್ರವನ್ನು ಮೊದಲು ತೆಗೆಯಬೇಕು. ಅನಂತರ ಅದೇ ಕೋಶವನ್ನು ಸಪೂರ ಪಿಪೆಟ್‌ನಿಂದ ಎತ್ತಿ, ಸೋಸಿದ ನೀರಿನಲ್ಲಿ ಹಲವು ಬಾರಿ ತೊಳೆದು, ಜೀನ್ ಪರೀಕ್ಷೆಯ ನಳಿಕೆಗೆ ಹಾಕಬೇಕು. ಆಗ ಚಿತ್ರ ಮತ್ತು ಸರಣಿ ಎರಡೂ ಒಂದೇ ಜೀವಿಯವಾಗಿರುತ್ತವೆ, ತಪ್ಪು ಹೆಸರು ಅಂಟಿಕೊಳ್ಳುವ ಭಯ ಕಡಿಮೆಯಾಗುತ್ತದೆ. ಫಾರ್ಮಲಿನ್ ಡಿಎನ್‌ಎಗೆ ಹಾನಿ ಮಾಡುವುದರಿಂದ ಅದರಲ್ಲಿಟ್ಟ ಮಾದರಿಯನ್ನು ಆಕಾರ ನೋಡಲು ಮಾತ್ರ ಬಳಸಿ, ಜೀನಿಗೆಂದು ಬೇರೊಂದು ಪಾಲನ್ನು ಎಥನಾಲ್‌ನಲ್ಲಿ ಇಡಿ.