ಎಚ್‌ಡಿ 600 ಹೆಡ್‌ಫೋನನ್ನು ನೇರ ಲ್ಯಾಪ್‌ಟಾಪಿಗೆ ಜೋಡಿಸಿ ಕೇಳುತ್ತಿದ್ದೇನೆ. ಮುಂದೆ ಕೊಳ್ಳಬೇಕಾದದ್ದು ಡ್ಯಾಕ್ (ಡಿಜಿಟಲ್ ಸಂಕೇತವನ್ನು ಹೆಡ್‌ಫೋನಿಗೆ ಬೇಕಾದ ಅನಲಾಗ್ ಸಂಕೇತವಾಗಿ ಬದಲಿಸುವ ಸಾಧನ), ಆಂಪ್ಲಿಫೈಯರ್ ಅಥವಾ ಹೊಸ ಹೆಡ್‌ಫೋನ್?

ಸೆನ್‌ಹೈಸರ್ ಎಚ್‌ಡಿ 600ರ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, 300 ಓಮ್. ಅದಕ್ಕೆ ಬೇಕಾದಷ್ಟು ವೋಲ್ಟೇಜನ್ನು ಎಲ್ಲ ಲ್ಯಾಪ್‌ಟಾಪುಗಳೂ ಕೊಡಲಾರವು. ಆದರೂ ಕೊಳ್ಳುವ ಮುನ್ನ ಮನೆಯಲ್ಲೇ ಪರೀಕ್ಷಿಸಿ. ಮೆಲುದನಿಯ ಆಲಾಪನೆಯೊಂದನ್ನು ಹಾಕಿ; ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲದಿದ್ದರೆ ಮೊದಲು ಆಂಪ್ಲಿಫೈಯರ್. ಮುಕ್ಕಾಲಿನಲ್ಲೇ ಸಾಕೆನಿಸಿದರೆ ಅದಕ್ಕೆ ಸುರಿಯುವ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹಾಡು ನಿಂತಾಗಲೂ ಸುಯ್ಯೆನ್ನುವ ಸದ್ದು, ಮೌಸ್ ಆಡಿಸಿದರೆ ಕಿರಗುಟ್ಟುವುದು ಕೇಳಿಸಿದರೆ ಡ್ಯಾಕ್ ಬೇಕು. ಅದಕ್ಕೂ ಸಣ್ಣ ಯುಎಸ್‌ಬಿ ಡಾಂಗಲ್ ಸಾಕು.

ಹೆಚ್ಚಿನವರು ಮರೆಯುವುದು ಕಿವಿಯ ಮೆತ್ತೆಗಳನ್ನು. ಅವು ಚಪ್ಪಟೆಯಾದರೆ ಡ್ರೈವರ್ (ದನಿ ಹೊರಡಿಸುವ ಭಾಗ) ಕಿವಿಗೆ ಹತ್ತಿರವಾಗಿ ಧ್ವನಿಯ ಹದವೇ ಬದಲಾಗುತ್ತದೆ. ಬೆರಳಿನಿಂದ ಒತ್ತಿ ನೋಡಿ. ಮತ್ತೆ ಉಬ್ಬದಿದ್ದರೆ ಮೊದಲ ಖರ್ಚು ಅದೇ ಆಗಲಿ.

ಆಳವಾದ ಬಾಸ್ ಸಾಲದೆಂಬ ದೂರಿದ್ದರೆ, ಅದು ಹಿಂಬದಿ ತೆರೆದಿರುವ ಈ ಹೆಡ್‌ಫೋನಿನ ಜಾಯಮಾನ. ಎಷ್ಟೇ ದುಬಾರಿ ಡ್ಯಾಕ್ ತಂದರೂ ಹೋಗದು. ವಿಂಡೋಸ್‌ನಲ್ಲಿ ಸ್ವರಗಳ ಮಟ್ಟವನ್ನು ಬೇಕಾದಂತೆ ಏರಿಳಿಸುವ ಈಕ್ವಲೈಜರ್ ಎಪಿಒ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕೆಳಸ್ವರಗಳನ್ನು 3–4 ಡೆಸಿಬಲ್ ಎತ್ತಿ, ಅದರಲ್ಲೇ ಇರುವ ಪ್ರಿಆಂಪನ್ನು (ಒಟ್ಟು ದನಿಯ ಮಟ್ಟವನ್ನು) ಅಷ್ಟೇ ಇಳಿಸಿ. ಇಲ್ಲವಾದರೆ ಜೋರಾದ ಕಡೆ ದನಿ ಒಡೆಯುತ್ತದೆ. ಒಂದೆರಡು ವಾರ ಹೀಗೆ ಕೇಳಿಯೂ ಕೊರತೆ ಕಾಡಿದರೆ ಹೆಡ್‌ಫೋನನ್ನೇ ಬದಲಿಸಿ.