ಐದನೇ ಲೆವೆಲ್ ಮುಟ್ಟಿ, ಆಮೇಲೆ ದಾರಿ ಬದಲಿಸಿ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ವಹಿಸಿ, ದಾಳ ಉರುಳಿಸಿ ಕಥೆ ಆಡುವ ಟೇಬಲ್ ಆಟ) ಆಟದ ಮಲ್ಟಿಕ್ಲಾಸ್ ಬಗ್ಗೆಯೇ. ಅಂದರೆ ಒಂದೇ ಪಾತ್ರ ಎರಡು ಕಸುಬು (ಕ್ಲಾಸ್) ಕಲಿಯುವ ನಿಯಮ. ಮಳೆಗೆ ಶಾಲೆ ಕಾಲೇಜು ರಜೆ ಕೊಟ್ಟಾಗ ಕೊಡಗಿನಲ್ಲಿ ಆಟ ಜಾಸ್ತಿ, ಆಟ ಜಾಸ್ತಿಯಾದರೆ ವಾದವೂ ಜಾಸ್ತಿ. ಮಡಿಕೇರಿಯ ನಮ್ಮ ಮನೆಯಲ್ಲಿ ಆಡುವುದು 2014ರ ಐದನೇ ಆವೃತ್ತಿ. ಹಾಗಾಗಿ ಉತ್ತರಗಳೂ ಅದರ ಪ್ರಕಾರವೇ ಇವೆ. 2024ರ ಹೊಸ ಪುಸ್ತಕದಲ್ಲಿ ಬೇರೆ ಇದ್ದರೆ ಅಲ್ಲಲ್ಲಿ ಹೇಳಿದ್ದೇನೆ.

ಆಂಟಿ, ನನ್ನ ಫೈಟರ್ (ಯೋಧ) ಈಗ ನಾಲ್ಕನೇ ಲೆವೆಲ್. ಮುಂದಿನ ಸಲ ವಿಜರ್ಡ್ (ಮಂತ್ರವಾದಿ) ತೆಗೆದುಕೊಳ್ಳಬೇಕು ಅಂತ ಆಸೆ. ಆಗ ನಾನು ಐದನೇ ಲೆವೆಲ್ ವಿಜರ್ಡ್ ಆಗುತ್ತೇನಾ?
– ಪಿಯುಸಿ ವಿದ್ಯಾರ್ಥಿನಿ, ಗೋಣಿಕೊಪ್ಪ

ಇಲ್ಲಮ್ಮ. ನೀನು ಫೈಟರ್ 4, ವಿಜರ್ಡ್ 1 ಆಗುತ್ತೀಯ. ಎರಡೂ ಸೇರಿ ಪಾತ್ರದ ಲೆವೆಲ್ ಐದು. ವಿಜರ್ಡ್ ವಿದ್ಯೆಯಲ್ಲಿ ಮಾತ್ರ ನೀನು ಹೊಸಬಳು.

ಮೊದಲು ಆಟ ನಡೆಸುವ ಡಿಎಂ ಒಪ್ಪಬೇಕು, ಏಕೆಂದರೆ ಇದು ಐಚ್ಛಿಕ ನಿಯಮ. ಆಮೇಲೆ ಅಂಕಗಳು. ವಿಜರ್ಡ್‌ಗೆ ಇಂಟೆಲಿಜೆನ್ಸ್ 13 ಇರಲೇಬೇಕು. ಇರುವ ಕ್ಲಾಸ್‌ನ ಅರ್ಹತೆಯೂ ಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ. ಫೈಟರ್‌ಗೆ ಸ್ಟ್ರೆಂತ್ ಅಥವಾ ಡೆಕ್ಸ್ಟೆರಿಟಿ, ಎರಡರಲ್ಲಿ ಒಂದು 13 ಇದ್ದರೆ ಸಾಕು.

ಒಟ್ಟು ಲೆವೆಲ್ ನೋಡಿ ಸಿಗುವುದು ಕೆಲವೇ. ಎಕ್ಸ್‌ಪಿ (ಅನುಭವದ ಅಂಕ) ಲೆಕ್ಕ ಒಟ್ಟು ಲೆವೆಲ್‌ನದು. ಐದಕ್ಕೆ 6,500 ಬೇಕು, ಹೊಸ ಕ್ಲಾಸ್ ಅಂತ ರಿಯಾಯಿತಿ ಇಲ್ಲ. ಪ್ರೊಫಿಷಿಯೆನ್ಸಿ ಬೋನಸ್ (ಪಾತ್ರ ಚೆನ್ನಾಗಿ ಬಲ್ಲ ಕೆಲಸದಲ್ಲಿ ದಾಳಕ್ಕೆ ಕೂಡಿಸುವ ಅಂಕ) +3 ಆಗುತ್ತದೆ. ಕ್ಯಾಂಟ್ರಿಪ್‌ಗಳ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಚಿಕ್ಕ ಮಂತ್ರಗಳ) ಬಲವೂ ಒಟ್ಟು ಲೆವೆಲ್ ಪ್ರಕಾರ ಏರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದನ್ನು ಆಯಾ ಕ್ಲಾಸ್‌ನ ಲೆವೆಲ್ ನೋಡಿಯೇ ಕೊಡುತ್ತಾರೆ. ಹಿಟ್ ಪಾಯಿಂಟ್‌ಗೆ (ಪಾತ್ರ ಎಷ್ಟು ಏಟು ತಾಳುತ್ತದೆ ಅನ್ನುವ ಅಂಕಕ್ಕೆ) ವಿಜರ್ಡ್‌ನ ಆರು ಮುಖದ ದಾಳ, ಅಥವಾ ಉರುಳಿಸದೆ 4, ಜೊತೆಗೆ ಕಾನ್ಸ್ಟಿಟ್ಯೂಷನ್ ಬೋನಸ್. ವಿಜರ್ಡ್‌ನ ಸೇವಿಂಗ್ ಥ್ರೋಗಳು (ಅಪಾಯ ತಪ್ಪಿಸಿಕೊಳ್ಳಲು ದಾಳ ಉರುಳಿಸುವಾಗಿನ ಬಲ) ಬರುವುದಿಲ್ಲ, ಮೊದಲ ಕ್ಲಾಸ್‌ನದೇ ಕೊನೆವರೆಗೂ. ನಿನಗೆ ಇದು ಲಾಭವೇ. ಏಟು ಬಿದ್ದಾಗ ಮಂತ್ರ ಕೈತಪ್ಪದಂತೆ ಹಿಡಿಯುವುದು ಕಾನ್ಸ್ಟಿಟ್ಯೂಷನ್ ಸೇವ್, ಅದು ಫೈಟರ್‌ಗೆ ಮೊದಲಿಂದಲೇ ಇದೆ. ಅದೇ ವಿಜರ್ಡ್ ಆಗಿ ಶುರು ಮಾಡಿ ಆಮೇಲೆ ಫೈಟರ್ ಆದವರಿಗೆ ಈ ಸೇವ್ ಸಿಗುವುದಿಲ್ಲ, ಭಾರೀ ಕವಚದ ತರಬೇತಿಯೂ ಇಲ್ಲ.

ಈಗ ನಿಜವಾದ ವಿಷಯಕ್ಕೆ ಬರೋಣ. ಫೈಟರ್ 5ರಲ್ಲಿ ಎಕ್ಸ್‌ಟ್ರಾ ಅಟ್ಯಾಕ್ ಸಿಗುತ್ತದೆ. ಒಂದು ಸರದಿಗೆ ಒಂದರ ಬದಲು ಎರಡು ಹೊಡೆತ. ನೀನು ಈಗಲೇ ವಿಜರ್ಡ್ ತೆಗೆದುಕೊಂಡರೆ ಅದು 14,000 ಎಕ್ಸ್‌ಪಿವರೆಗೆ ಮುಂದೆ ಹೋಗುತ್ತದೆ. ನಮ್ಮ ಟೇಬಲ್‌ನ ವೇಗದಲ್ಲಿ ಅದು ಹತ್ತಿರ ಹತ್ತಿರ ಒಂದು ಮಳೆಗಾಲ! ಅಷ್ಟು ದಿನ ಪಕ್ಕದವರು ಎರಡೆರಡು ಸಲ ದಾಳ ಉರುಳಿಸುವಾಗ ನೀನು ಒಂದೇ ಸಲ ಉರುಳಿಸಬೇಕು. ಮಲ್ಟಿಕ್ಲಾಸ್‌ನಲ್ಲಿ ಕಳೆದುಕೊಳ್ಳುವುದು ಮುಖ್ಯವಾಗಿ ಸಮಯವನ್ನೇ. ಇಪ್ಪತ್ತನೇ ಲೆವೆಲ್‌ನಲ್ಲಿ ಪಾತ್ರ ಹೇಗಿರುತ್ತದೆ ಅಂತ ಕಾಗದದ ಮೇಲೆ ಬರೆದು ಖುಷಿಪಡುವವರನ್ನು ತುಂಬಾ ನೋಡಿದ್ದೇನೆ. ಅಷ್ಟು ದೂರ ಹೋಗುವ ಆಟ ಬಹಳ ಕಡಿಮೆ. ಮುಂದಿನ ಶನಿವಾರ ಟೇಬಲ್ ಮುಂದೆ ಕೂತಾಗ ಕೈಯಲ್ಲಿ ಏನಿರುತ್ತದೆ, ಅದನ್ನು ನೋಡು. ಫೈಟರ್ 5 ಮುಗಿಸಿ ಆರನೆಯದಕ್ಕೆ ವಿಜರ್ಡ್ ತೆಗೆದುಕೋ. ಇದು ನನ್ನ ಗಟ್ಟಿ ಸಲಹೆ.

ಆಗಲೂ ಮಂತ್ರಗಳನ್ನು ಯೋಚಿಸಿ ಆರಿಸು. ಇಂಟೆಲಿಜೆನ್ಸ್ 13 ಅಂದರೆ ಬೋನಸ್ ಬರೀ +1. ಶತ್ರು ನಿನ್ನ ಮಂತ್ರ ತಪ್ಪಿಸಿಕೊಳ್ಳಲು 12 ಬಂದರೆ ಸಾಕು. ಆದ್ದರಿಂದ ಶತ್ರು ಸೇವ್ ಮಾಡಬೇಕಾದ ಮಂತ್ರ ಬೇಡ. ಶೀಲ್ಡ್ ಮಂತ್ರ ಎಸಿಗೆ (ಶತ್ರುವಿನ ಹೊಡೆತ ತಾಗದಂತೆ ಕಾಯುವ ಅಂಕಕ್ಕೆ) +5 ಕೊಡುತ್ತದೆ, ಅದಕ್ಕೆ ನಿನ್ನ ಬುದ್ಧಿಯ ಅಂಕ ಬೇಕಿಲ್ಲ. ಮ್ಯಾಜಿಕ್ ಮಿಸೈಲ್ ಕೂಡ ಗುರಿ ತಪ್ಪುವುದಿಲ್ಲ. ಫೈಂಡ್ ಫೆಮಿಲಿಯರ್, ಡಿಟೆಕ್ಟ್ ಮ್ಯಾಜಿಕ್ ಎರಡನ್ನೂ ವಿಜರ್ಡ್ ಮಂತ್ರದ ಪುಸ್ತಕದಲ್ಲಿ ಬರೆದುಕೋ. ರಿಚುವಲ್ ಆಗಿ, ಅಂದರೆ ನಿಧಾನವಾಗಿ ವಿಧಿಯಂತೆ, ಮಾಡಿದರೆ ಸ್ಲಾಟ್ (ಮಂತ್ರ ಹಾಕಲು ಲೆಕ್ಕಕ್ಕಿರುವ ಅವಕಾಶ) ಖರ್ಚಾಗುವುದಿಲ್ಲ. ಇನ್ನೊಂದು ಮಾತು, ಒಂದು ಕೈಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ ಇದ್ದರೆ ಶೀಲ್ಡ್ ಮಂತ್ರಕ್ಕೆ ಬೇಕಾದ ಖಾಲಿ ಕೈ ಇರುವುದಿಲ್ಲ. ವಾರ್ ಕ್ಯಾಸ್ಟರ್ ಫೀಟ್ (ವಿಶೇಷ ಸಾಮರ್ಥ್ಯ) ಸಿಗುವವರೆಗೆ ದೊಡ್ಡ ಕತ್ತಿಯನ್ನೇ ಎರಡು ಕೈಲಿ ಹಿಡಿ. ಮಂತ್ರದ ಹೊತ್ತಿಗೆ ಒಂದು ಕೈ ಬಿಟ್ಟರಾಯಿತು.

ಮೇಡಂ, ನನ್ನದು ವಿಜರ್ಡ್ 3, ಕ್ಲೆರಿಕ್ 3. ಪಟ್ಟಿ ನೋಡಿದರೆ ಮೂರನೇ ಹಂತದ ಸ್ಲಾಟ್ ಮೂರಿವೆ. ಫೈರ್‌ಬಾಲ್ ಮಂತ್ರ ಇರುವ ಸ್ಕ್ರೋಲ್ (ಮಂತ್ರ ಬರೆದ ಸುರುಳಿ) ಕೂಡ ಸಿಕ್ಕಿದೆ. ಆದರೂ ಡಿಎಂ ಪುಸ್ತಕಕ್ಕೆ ಬರೆದುಕೊಳ್ಳಲು ಬಿಡುತ್ತಿಲ್ಲ. ಇದು ಅನ್ಯಾಯ ಅಲ್ವಾ?
– ಸೋಮವಾರಪೇಟೆಯಿಂದ

ಡಿಎಂ ಹೇಳಿದ್ದು ಸರಿ. ನಿಮ್ಮ ಬೇಸರವೂ ನನಗೆ ಅರ್ಥವಾಗುತ್ತದೆ. ಇಡೀ ನಿಯಮದಲ್ಲಿ ಜನ ಹೆಚ್ಚು ಎಡವುವುದು ಇಲ್ಲೇ.

ಸ್ಲಾಟ್ ಬೇರೆ, ಗೊತ್ತಿರುವ ಮಂತ್ರ ಬೇರೆ. ಸ್ಲಾಟ್ ಎಣಿಸುವಾಗ ವಿಜರ್ಡ್, ಕ್ಲೆರಿಕ್, ಡ್ರೂಯಿಡ್, ಬಾರ್ಡ್, ಸೋರ್ಸರರ್ ಲೆವೆಲ್‌ಗಳನ್ನು ಪೂರ್ತಿ ಕೂಡಿಸಬೇಕು. ಪಾಲಡಿನ್, ರೇಂಜರ್ ಆದರೆ ಅರ್ಧ. ಮಂತ್ರ ಕಲಿತ ಫೈಟರ್, ರೋಗ್ ಉಪಕ್ಲಾಸ್‌ಗಳಿಗೆ ಮೂರನೇ ಒಂದು ಭಾಗ. ಭಾಗಿಸಿದಾಗ ಪೂರ್ಣ ಸಂಖ್ಯೆ ಬರದಿದ್ದರೆ ಕೆಳಕ್ಕೆ ಇಳಿಸಬೇಕು, 2024ರಲ್ಲಿ ಪಾಲಡಿನ್ ಮತ್ತು ರೇಂಜರ್‌ಗೆ ಮೇಲಕ್ಕೆ ಏರಿಸುತ್ತಾರೆ. ನಿಮ್ಮದು 3 ಮತ್ತು 3, ಒಟ್ಟು 6. ಅದಕ್ಕೆ ಒಂದನೇ ಹಂತದ ಸ್ಲಾಟ್ 4, ಎರಡನೆಯದು 3, ಮೂರನೆಯದು 3. ಇಲ್ಲಿವರೆಗೆ ನೀವು ಓದಿದ್ದು ಸರಿ.

ಆದರೆ ಯಾವ ಮಂತ್ರ ಕಲಿಯಬಹುದು ಅನ್ನುವಾಗ ಇನ್ನೊಂದು ಕ್ಲಾಸ್ ಇಲ್ಲವೇ ಇಲ್ಲ ಅಂದುಕೊಳ್ಳಬೇಕು. ಮೂರನೇ ಲೆವೆಲ್ ವಿಜರ್ಡ್‌ಗೆ ಎರಡನೇ ಹಂತದ ಮಂತ್ರವೇ ಕೊನೆ. ಕ್ಲೆರಿಕ್‌ಗೂ ಅಷ್ಟೇ. ಫೈರ್‌ಬಾಲ್ ಮೂರನೇ ಹಂತದ್ದು. ಅದನ್ನು ಪುಸ್ತಕಕ್ಕೆ ಇಳಿಸಲು ವಿಜರ್ಡ್ 5 ಆಗಲೇಬೇಕು.

ಹಾಗಂತ ಆ ಸ್ಲಾಟ್‌ಗಳು ದಂಡವಲ್ಲ. ಚಿಕ್ಕ ಮಂತ್ರವನ್ನು ದೊಡ್ಡ ಸ್ಲಾಟ್‌ನಲ್ಲಿ ಹಾಕಿ. ಮ್ಯಾಜಿಕ್ ಮಿಸೈಲ್‌ಗೆ ಮೂರರ ಬದಲು ಐದು ಬಾಣ. ಕ್ಯೂರ್ ವೂಂಡ್ಸ್‌ಗೆ ಎಂಟು ಮುಖದ ದಾಳ ಮೂರು. ನನಗೆ ತುಂಬಾ ಇಷ್ಟವಾದದ್ದು ಏಡ್. ಮೂರನೇ ಹಂತದ ಸ್ಲಾಟ್‌ನಲ್ಲಿ ಹಾಕಿದರೆ ಮೂರು ಜನಕ್ಕೆ ಎಂಟು ಗಂಟೆ ಹೊತ್ತು ತಲಾ 10 ಹಿಟ್ ಪಾಯಿಂಟ್ ಹೆಚ್ಚುತ್ತದೆ. ಸ್ಪಿರಿಚುವಲ್ ವೆಪನ್ ಮಾತ್ರ ಎರಡು ಹಂತ ಏರಿದರೇ ಬಲ ಹೆಚ್ಚುವುದು. ಅದನ್ನು ಮೂರನೆಯದರಲ್ಲಿ ಹಾಕಿ ಸ್ಲಾಟ್ ಕಳೆಯಬೇಡಿ.

ಸ್ಕ್ರೋಲ್ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಫೈರ್‌ಬಾಲ್ ವಿಜರ್ಡ್ ಪಟ್ಟಿಯಲ್ಲಿರುವುದರಿಂದ ಸ್ಕ್ರೋಲ್ ಓದಿ ಒಂದು ಸಲ ಹಾಕಬಹುದು. ಇಂಟೆಲಿಜೆನ್ಸ್ ಚೆಕ್‌ನಲ್ಲಿ 13 ಬರಬೇಕು. ಬಾರದಿದ್ದರೆ ಅಕ್ಷರ ಅಳಿಸಿ ಹೋಗುತ್ತದೆ, ಮಂತ್ರವೂ ಇಲ್ಲ. ಇನ್ನೂ ಎರಡು ವಿಜರ್ಡ್ ಲೆವೆಲ್ ಕಾದು ಬರೆದುಕೊಳ್ಳುತ್ತೀರೋ, ಈಗಲೇ ಸುಟ್ಟುಬಿಡುತ್ತೀರೋ ನಿಮಗೇ ಬಿಟ್ಟದ್ದು. ನಾನಾಗಿದ್ದರೆ ಕಾಯುತ್ತಿದ್ದೆ.

ಫೈಟರ್ 5, ರೇಂಜರ್ 5 ಆದರೆ ಮೂರು ಹೊಡೆತವಾ? ಬಾರ್ಬೇರಿಯನ್ ಕೋಪಾವೇಶದ ರೇಜ್‌ನಲ್ಲಿದ್ದಾಗ ಮಂತ್ರ ಹಾಕಬಹುದಾ?
– ಕುಶಾಲನಗರ

ಎರಡಕ್ಕೂ ಇಲ್ಲ. ಎಕ್ಸ್‌ಟ್ರಾ ಅಟ್ಯಾಕ್ ಎರಡು ಕಡೆಯಿಂದ ಬಂದರೂ ಹೊಡೆತ ಎರಡೇ. ಮೂರನೆಯದು ಬೇಕಾದರೆ ಫೈಟರ್ 11 ಮುಟ್ಟಬೇಕು. ರೇಜ್‌ನಲ್ಲಿ ಮಂತ್ರ ಹಾಕುವ ಹಾಗಿಲ್ಲ, ಮೊದಲೇ ಹಾಕಿದ್ದರ ಮೇಲೆ ಗಮನ ಹಿಡಿಯುವ ಹಾಗೂ ಇಲ್ಲ.

ನಾನು ಬೆಂಗಳೂರಿನಲ್ಲಿ ಓದುವಾಗ ಹಳೇ ಪುಸ್ತಕದಲ್ಲಿ ಆಡಿದವನು. ಆಗ ಮನುಷ್ಯ ಪಾತ್ರಗಳಿಗೆ ಮಲ್ಟಿಕ್ಲಾಸ್ ಇರಲೇ ಇಲ್ಲ. ಈಗ ಮೊಮ್ಮಕ್ಕಳು ಇದೆ ಅನ್ನುತ್ತಾರೆ.
– ಕಾಫಿ ಬೆಳೆಗಾರರು, ಸಿದ್ದಾಪುರ

ಸರ್, ನಿಮ್ಮ ನೆನಪೂ ಸರಿ, ಮೊಮ್ಮಕ್ಕಳೂ ಸರಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ಮೊದಲ ಆಟದಲ್ಲಿ ಎಲ್ಫ್ ಮಾತ್ರ ಒಂದು ಸಾಹಸಕ್ಕೆ ಯೋಧ, ಇನ್ನೊಂದಕ್ಕೆ ಮಂತ್ರವಾದಿ ಆಗಬಹುದಿತ್ತು. 1978ರ ಅಡ್ವಾನ್ಸ್ಡ್ ಪುಸ್ತಕದಲ್ಲಿ ಮಲ್ಟಿಕ್ಲಾಸ್ ಎಲ್ಫ್, ಡ್ವಾರ್ಫ್‌ನಂಥವರಿಗೆ. ಶುರುವಿನಿಂದಲೇ ಎರಡು ಕ್ಲಾಸ್, ಎಕ್ಸ್‌ಪಿ ಸಮಪಾಲು. ಮನುಷ್ಯರಿಗೆ ಇದ್ದದ್ದು ಡ್ಯುಯಲ್ ಕ್ಲಾಸ್. ನಿಮ್ಮ ತೋಟದ ಲೆಕ್ಕದಲ್ಲಿ ಹೇಳುವುದಾದರೆ, ಎಲ್ಫ್‌ಗೆ ಒಂದೇ ಗೊಬ್ಬರವನ್ನು ಕಾಫಿಗೂ ಮೆಣಸಿನ ಬಳ್ಳಿಗೂ ಹಂಚುವ ಕೆಲಸ, ಮನುಷ್ಯರಿಗೆ ಕಾಫಿಗೆ ಕೈ ಹಾಕುವುದನ್ನೇ ನಿಲ್ಲಿಸಿ ಮೆಣಸು ಅದಕ್ಕಿಂತ ಮೇಲೆ ಹೋಗುವವರೆಗೆ ಕಾಯುವ ಕೆಲಸ. ಹಳೇ ಕ್ಲಾಸ್‌ನ ಮುಖ್ಯ ಅಂಕ 15, ಹೊಸದರದ್ದು 17 ಬೇಕಿತ್ತು. ಹೊಸ ಕ್ಲಾಸ್‌ನ ಲೆವೆಲ್ ಹಳೆಯದನ್ನು ದಾಟುವ ಮುಂಚೆ ಹಳೇ ವಿದ್ಯೆ ಬಳಸಿದರೆ ಎಕ್ಸ್‌ಪಿ ಹೋಗುತ್ತಿತ್ತು.

2000ದ ಮೂರನೇ ಆವೃತ್ತಿ ಇದನ್ನೆಲ್ಲ ತೆಗೆದುಹಾಕಿತು. ಯಾರು ಬೇಕಾದರೂ ಪ್ರತಿ ಲೆವೆಲ್‌ಗೆ ಯಾವ ಕ್ಲಾಸ್ ಬೇಕಾದರೂ ಆರಿಸಬಹುದು. ಆದರೆ ಕ್ಲಾಸ್‌ಗಳ ನಡುವೆ ಅಂತರ ಜಾಸ್ತಿಯಾದರೆ ಎಕ್ಸ್‌ಪಿಯಲ್ಲಿ 20 ಶೇಕಡಾ ಕಡಿತ. 2008ರ ನಾಲ್ಕನೆಯದು ಫೀಟ್‌ಗಳ ಮೂಲಕ ಚೂರು ಚೂರು ಕೊಟ್ಟಿತು. ಈಗಿನದು ಮೂರನೆಯದರ ದಾರಿಯೇ, ದಂಡ ಮಾತ್ರ ಇಲ್ಲ. ಮೊಮ್ಮಕ್ಕಳ ಜೊತೆ ಒಂದು ಸಲ ಕೂತು ಆಡಿ ಸರ್. ಹಳೇ ಆಟ ಬಲ್ಲವರು ಟೇಬಲ್‌ನಲ್ಲಿದ್ದರೆ ಮಕ್ಕಳಿಗೆ ದೊಡ್ಡ ಖುಷಿ.

ಅಕ್ಕ, ನಾನು ಡಿಎಂ. ಒಬ್ಬ ಹುಡುಗ ಪಾಲಡಿನ್ ಜೊತೆ ವಾರ್ಲಾಕ್ ಸೇರಿಸುತ್ತೇನೆ ಅಂತಾನೆ. ಉಳಿದವರಿಗೆ ಇಷ್ಟವಿಲ್ಲ. ಬೇಡ ಅನ್ನಲಾ?
– ವಿರಾಜಪೇಟೆ

ಬೇಡ ಅನ್ನುವ ಹಕ್ಕು ನಿಮಗಿದೆ. ಆದರೆ ಉಳಿದವರಿಗೆ ಯಾಕೆ ಇಷ್ಟವಿಲ್ಲ ಅಂತ ಮೊದಲು ಕೇಳಿ. ವಾರ್ಲಾಕ್‌ನ ಸ್ಲಾಟ್ ಬೇರೆಯೇ ಲೆಕ್ಕ, ಅದನ್ನು ಕೂಡಿಸುವಂತಿಲ್ಲ, ಒಂದು ಗಂಟೆಯ ಶಾರ್ಟ್ ರೆಸ್ಟ್‌ಗೆ ವಾಪಸ್ ಬರುತ್ತದೆ. ಅದನ್ನು ಪಾಲಡಿನ್‌ನ ಸ್ಮೈಟ್‌ಗೆ (ಸ್ಲಾಟ್ ಖರ್ಚು ಮಾಡಿ ಹೊಡೆತದ ಬಲ ಹೆಚ್ಚಿಸುವುದಕ್ಕೆ) ಸುರಿಯಬಹುದು. ಹಾಗಾಗಿ ಪ್ರತಿ ಜಗಳದ ನಂತರ ಅವನು "ಒಂದು ಗಂಟೆ ಕೂರೋಣ" ಅನ್ನುತ್ತಾನೆ. ವಿಜರ್ಡ್ ಆಡುವವಳಿಗೆ ಅದರಿಂದ ಲಾಭ ಕಡಿಮೆ. ಸಿಟ್ಟಿನ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ.

ವಿಶ್ರಾಂತಿ ಎಲ್ಲಿ, ಎಷ್ಟು ಸಲ ಅನ್ನುವುದನ್ನು ಕಥೆಯ ಕಡೆಯಿಂದ ನೀವೇ ಬಿಗಿ ಮಾಡಿ. ಸ್ಟ್ರೆಂತ್ 13, ಕರಿಸ್ಮಾ 13 ಎರಡೂ ಇವೆಯೇ ಅಂತ ಹಾಳೆ ತರಿಸಿ ನೋಡಿ. 2024ರ ಪುಸ್ತಕದಲ್ಲಿ ಸ್ಮೈಟ್ ಒಂದು ಬೋನಸ್ ಆಕ್ಷನ್ ಮಂತ್ರ, ಸರದಿಗೆ ಒಂದೇ ಸಲ. ಬೇಕಿದ್ದರೆ ಅದೊಂದನ್ನು ಎರವಲು ತನ್ನಿ. ಹುಡುಗನ ಆಸೆಯನ್ನು ಮಾತ್ರ ಎಲ್ಲರ ಎದುರು ತಳ್ಳಿಹಾಕಬೇಡಿ. ಅವನು ತನ್ನ ಪಾತ್ರದ ಬಗ್ಗೆ ಮನೆಯಲ್ಲಿ ಕೂತು ಯೋಚಿಸಿದ್ದಾನೆ, ಅದು ಸಣ್ಣ ವಿಷಯವಲ್ಲ.

ನಮ್ಮ ಕಥೆ ಕೊಡಗಿನಂಥದೇ ಬೆಟ್ಟಗಳಲ್ಲಿ ನಡೆಯುತ್ತದೆ. ನನ್ನ ರೇಂಜರ್ ಐದನೇ ಲೆವೆಲ್. ಡ್ರೂಯಿಡ್ ಆಗಿಸಬೇಕು. ಕಥೆಯಲ್ಲಿ ಹೇಗೆ ತರಲಿ? ಆನೆ ಆಗಬಹುದಾ?
– ಭಾಗಮಂಡಲದಿಂದ

ಎಷ್ಟು ಚೆಂದದ ಪ್ರಶ್ನೆ! ನಿಮ್ಮ ಊರಲ್ಲೇ ಉತ್ತರ ಇದೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಮರ ಕಡಿಯುವಂತಿಲ್ಲ, ಬೇಟೆಯಾಡುವಂತಿಲ್ಲ. ಗಾಯಗೊಂಡ ಹಂದಿಯ ಬೆನ್ನು ಹತ್ತಿದ ಬೇಟೆಗಾರ ಅಂಥ ಕಾಡಿನ ಅಂಚಿಗೆ ಬಂದು ನಿಲ್ಲಲಿ. ಒಳಗೆ ಹೋಗುತ್ತಾನಾ, ಬಿಲ್ಲು ಕೆಳಗಿಡುತ್ತಾನಾ? ಆ ತೀರ್ಮಾನವನ್ನು ಲೆವೆಲ್ ಏರುವ ಮುಂಚಿನ ಆಟದಲ್ಲಿ, ಎಲ್ಲರ ಮುಂದೆ ಆಡಿ. ಹಾಳೆಯಲ್ಲಿ ಸುಮ್ನೆ ಡ್ರೂಯಿಡ್ 1 ಅಂತ ಬರೆದುಕೊಂಡು ಬಂದರೆ ಆ ಸ್ವಾರಸ್ಯ ಸಿಗುವುದಿಲ್ಲ.

ಲೆಕ್ಕವೂ ನಿಮ್ಮ ಕಡೆಗಿದೆ. ಡೆಕ್ಸ್ಟೆರಿಟಿ, ವಿಸ್ಡಮ್ ಎರಡೂ 13 ಇದ್ದರೆ ಸಾಕು. ಎಕ್ಸ್‌ಟ್ರಾ ಅಟ್ಯಾಕ್ ಈಗಾಗಲೇ ಕೈಯಲ್ಲಿದೆ. ರೇಂಜರ್ 5ರ ಅರ್ಧ 2, ಅದಕ್ಕೆ ಡ್ರೂಯಿಡ್ 1 ಸೇರಿ 3. ಸ್ಲಾಟ್ ಈಗಿರುವಷ್ಟೇ ಉಳಿಯುತ್ತದೆ, ಕ್ಯಾಂಟ್ರಿಪ್ ಹೊಸದಾಗಿ ಬರುತ್ತದೆ. ಡ್ರೂಯಿಡ್ ಲೋಹದ ಕವಚ ತೊಡುವುದಿಲ್ಲ. ಚೈನ್ ಶರ್ಟ್ ಬಿಟ್ಟು ಹೈಡ್ ಕವಚ ಹಾಕಿದರೆ ಎಸಿ ಒಂದು ಕಡಿಮೆ, ಅಷ್ಟೇ.

ಡ್ರೂಯಿಡ್ ಪ್ರಾಣಿ ರೂಪ ತಾಳಬಹುದು, ಆದರೆ ಆನೆಯ ಚಾಲೆಂಜ್ ರೇಟಿಂಗ್ (ಪ್ರಾಣಿ ಎಷ್ಟು ಬಲಶಾಲಿ ಅನ್ನುವ ಅಂಕ) 4. ಸಾಮಾನ್ಯ ಡ್ರೂಯಿಡ್‌ಗೆ ಒಂದರ ಮೇಲೆ ಹೋಗುವಂತೆಯೇ ಇಲ್ಲ, ಸರ್ಕಲ್ ಆಫ್ ದ ಮೂನ್ ಆರಿಸಿದವರಿಗೂ ಡ್ರೂಯಿಡ್ 12 ಬೇಕು. ಡ್ರೂಯಿಡ್ 2ಕ್ಕೆ ಕಾಲು ರೇಟಿಂಗ್‌ನ, ಹಾರದ, ಈಜದ ಪ್ರಾಣಿಗಳು ಸಿಗುತ್ತವೆ. ಪಾತ್ರ ಮೊದಲು ಕಣ್ಣಾರೆ ಕಂಡಿರಬೇಕು, ರೂಪ ಒಂದು ಗಂಟೆ ಇರುತ್ತದೆ. ಕಾಡುಹಂದಿ ಆ ಪಟ್ಟಿಯಲ್ಲಿದೆ. ನಿಮ್ಮ ಬೇಟೆಗಾರ ಅದನ್ನು ಆಗಲೇ ನೋಡಿಯೂ ಆಗಿದೆ.